ಬೆಳೆದೂ ತಿನ್ನುವ, ಹಿಡಿದೂ ತಿನ್ನುವ ನಾಕ್ಟಿಲುಕಾ

2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆಯ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ನೋಡಲು ಜನ ಮುಗಿಬಿದ್ದಿದ್ದರು. ಹೊಳಪಿಗೆ ಕಾರಣ ನಾಕ್ಟಿಲುಕಾ ಎಂಬ ಏಕಕೋಶ ಜೀವಿ. ನೀರು ಕದಡಿದರೆ ಸಾಕು, ಮಿನುಗುತ್ತದೆ. ಈ ಬೆಳಕಿನಷ್ಟೇ ಸೋಜಿಗದ್ದು ನಾಕ್ಟಿಲುಕಾದ ಹಸಿರು ಬಗೆಯ ಊಟದ ಕ್ರಮ.

ಬಿಸಿಲಿನಿಂದ ಆಹಾರ ತಯಾರಿಸುವ ಸ್ವಪೋಷಕಗಳು, ಬೇರೆಯವನ್ನು ತಿಂದು ಬದುಕುವ ಪರಪೋಷಕಗಳು ಎಂದು ಶಾಲೆಯಲ್ಲಿ ಎರಡು ಪಾಲು ಮಾಡಿ ಓದಿರುತ್ತೇವೆ. ಕಡಲ ಸೂಕ್ಷ್ಮಜೀವಿಗಳಲ್ಲಿ ಎಷ್ಟೋ ಎರಡನ್ನೂ ಮಾಡುತ್ತವೆ. ಇವು ಮಿಶ್ರಪೋಷಕಗಳು.

ನಾಕ್ಟಿಲುಕಾದಲ್ಲಿ ಕೆಂಪು, ಹಸಿರು ಎಂದು ಎರಡು ಬಗೆ. ಕೆಂಪು ನಾಕ್ಟಿಲುಕಾ ಬೇಟೆಯನ್ನೇ ನಂಬಿದ್ದು. ಅರಬ್ಬಿ ಸಮುದ್ರದಲ್ಲಿ ಚಳಿಗಾಲಕ್ಕೆ ಹಬ್ಬುವ ಹಸಿರು ನಾಕ್ಟಿಲುಕಾ ಹಾಗಲ್ಲ. ಸೂಕ್ಷ್ಮದರ್ಶಕದಡಿ ಇಟ್ಟರೆ ನೀರು ತುಂಬಿದ ಬಲೂನಿನಂಥ ಪಾರದರ್ಶಕ ದೇಹ, ಒಂದು ಕಡೆ ಬಾಯಿಯಂಥ ತಗ್ಗು, ಅದರ ಬಳಿ ಅಂಟಂಟಾದ ಒಂದು ಗ್ರಹಣಾಂಗ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇದಕ್ಕೆ ಅಂಟಿತೋ, ನೇರ ಬಾಯಿಗೆ. ಅದೇ ಕೋಶದೊಳಗೆ ಸಾವಿರಾರು ಹಸಿರು ಚುಕ್ಕಿಗಳು ಈಜಾಡುತ್ತಿರುತ್ತವೆ. ಅವು ಪೆಡಿನೊಮೊನಾಸ್ ಎಂಬ ಪಾಚಿಯ ಜೀವಂತ ಕೋಶಗಳು. ಬಿಸಿಲಿನಲ್ಲಿ ಅವು ತಯಾರಿಸಿದ್ದರಲ್ಲಿ ಮನೆ ಕೊಟ್ಟ ಜೀವಿಗೂ ಪಾಲಿದೆ. ಬೇಟೆ ಜೀರ್ಣವಾದಾಗ ಹೊರಬೀಳುವ ಅಮೋನಿಯಾ ಪಾಚಿಗೆ ಗೊಬ್ಬರ. ಬೇಟೆ ಸಿಗದಿದ್ದರೂ ಬಿಸಿಲಿದ್ದರೆ ಇದು ವಾರಗಟ್ಟಲೆ ಬದುಕಬಲ್ಲದು. ಇನ್ನೊಂದು ಏಕಕೋಶ ಮಿಶ್ರಪೋಷಕವಾದ ಯೂಗ್ಲೀನಾಕ್ಕೆ ಸ್ವಂತ ಹರಿತ್ತು ಇದೆ, ಹಸಿರು ನಾಕ್ಟಿಲುಕಾಕ್ಕಿಲ್ಲ. ಆದರೂ ಈ ಕೂಡುಬಾಳನ್ನು ಮಿಶ್ರಪೋಷಣೆಯೆಂದೇ ಎಣಿಸುವುದು ನ್ಯಾಯ.

ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ ಹಿಂದೆ ಚಳಿಗಾಲದ ದರ್ಬಾರು ಡಯಾಟಮ್‌ಗಳದಾಗಿತ್ತು. 2000ದ ಬಳಿಕ ಆ ಜಾಗಕ್ಕೆ ಹಸಿರು ನಾಕ್ಟಿಲುಕಾ ಬಂದಿದೆ. ಆಮ್ಲಜನಕ ಕಡಿಮೆಯಿರುವ ನೀರು ಮೇಲೇರಿ ಬರುತ್ತಿರುವುದೇ ಇದಕ್ಕೆ ಕಾರಣವೆಂದು ಸಾಗರ ವಿಜ್ಞಾನಿ ಹೆಲ್ಗಾ ಗೋಮ್ಸ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದರು. ಆದರೆ ನಾಕ್ಟಿಲುಕಾ ಹಬ್ಬಿದ್ದಲ್ಲಿ ಮೇಲ್ಪದರದ ನೀರಿನಲ್ಲಿ ಆಮ್ಲಜನಕಕ್ಕೇನೂ ಕೊರತೆಯಿಲ್ಲ ಎಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್‌ನ ವಿಜ್ಞಾನಿಗಳು 2018ರಲ್ಲಿ ಅಳೆದು ಹೇಳಿದರು. ಈ ವಾದ ಬಗೆಹರಿಯಲೇಬೇಕು, ಏಕೆಂದರೆ ಇದರಲ್ಲಿ ಮೀನುಗಾರರ ಅನ್ನದ ಪ್ರಶ್ನೆಯಿದೆ. ಡಯಾಟಮ್‌ಗಳನ್ನು ಪುಟ್ಟ ಕಠಿಣಚರ್ಮಿಗಳು ತಿನ್ನುತ್ತವೆ, ಅವನ್ನು ಮೀನುಗಳು. ನಾಕ್ಟಿಲುಕಾ ಅರ್ಧ ಮಿಲಿಮೀಟರನ್ನೂ ಮೀರಿ ಬೆಳೆಯುವುದರಿಂದ ಆ ಕಠಿಣಚರ್ಮಿಗಳ ಬಾಯಿಗೆ ದೊಡ್ಡ ತುತ್ತು. ಅದನ್ನು ಮೇಯುವವು ಹೆಚ್ಚಾಗಿ ಸಾಲ್ಪ್ ಎಂಬ ಲೋಳೆದೇಹದ ಕಡಲಪ್ರಾಣಿಗಳು ಮತ್ತು ಅಂಬಲಿ ಮೀನುಗಳು. ಕಡಲ ಹಸಿರನ್ನು ಅಳೆಯುವ ಉಪಗ್ರಹಗಳ ಚಿತ್ರದಲ್ಲಿ ನಾಕ್ಟಿಲುಕಾವನ್ನು ಡಯಾಟಮ್‌ಗಳಿಂದ ಬೇರೆಯಾಗಿ ಗುರುತಿಸುವ ಲೆಕ್ಕಾಚಾರವನ್ನು ವಿಜ್ಞಾನಿಗಳು ರೂಪಿಸುತ್ತಿರುವುದು ಇದಕ್ಕಾಗಿಯೇ.