ಕಂಪಾಸ್ ಬಾಕ್ಸ್‌ನಲ್ಲಿ ಆಂಪ್ಲಿಫೈಯರ್: ಬಿಡಿಭಾಗಕ್ಕೆ 200, ಚಿಪ್‌ಗೆ 300

ಅಮೆರಿಕದ ಚು ಮೋಯ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ‘ಸಿಮೋಯ್’ ಎಂಬ ಹೆಸರೇ ನಿಂತಿದೆ. ಅಲ್ಲಿನ ಹವ್ಯಾಸಿಗಳು ಅದನ್ನು ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟಿನ ಖಾಲಿ ಡಬ್ಬಿಯಲ್ಲಿ ಕೂರಿಸಿದರು. ನಮ್ಮಲ್ಲಿ ಆ ಡಬ್ಬಿ ಅಪರೂಪ, ಮಕ್ಕಳು ಬಿಟ್ಟ ತಗಡಿನ ಕಂಪಾಸ್ ಬಾಕ್ಸ್ ಧಾರಾಳ. 9 ವೋಲ್ಟ್ ಬ್ಯಾಟರಿ ಸುಮಾರು 17.5 ಮಿ.ಮೀ. ದಪ್ಪ. ಮಲಗಿಸಿದರೆ 2 ಸೆಂ.ಮೀ. ಆಳದ ಬಾಕ್ಸ್‌ನಲ್ಲಿ ಹಿಡಿಯುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಚಿಲ್ಲರೆ ದರ ಅಂಗಡಿಗೊಂದು ಬಗೆ, ಹಾಗಾಗಿ ಇಲ್ಲಿರುವುದು ಅಂದಾಜು. 9 ರೆಸಿಸ್ಟರ್‌ಗೆ 18 ರೂ., 220 ಮೈಕ್ರೊಫ್ಯಾರಡ್‌ನ 2 ಕೆಪಾಸಿಟರ್‌ಗೆ 10, 0.1ರ 2 ಫಿಲ್ಮ್ ಕೆಪಾಸಿಟರ್‌ಗೆ 16, ಸ್ಟೀರಿಯೊ ವಾಲ್ಯೂಮ್ ಕಂಟ್ರೋಲ್‌ಗೆ 50, ಎರಡು ಜ್ಯಾಕ್‌ಗೆ 30, ಬೋರ್ಡಿಗೆ 30. ಸ್ವಿಚ್, ಎಲ್‌ಇಡಿ, ಐಸಿ ಸಾಕೆಟ್, ಬ್ಯಾಟರಿ ಕ್ಲಿಪ್, ವೈರು ಸೇರಿ ಇನ್ನೊಂದು 47. ಅಲ್ಲಿಗೆ 201. ಒಪಿಎ2134 ಎಂಬ ಆಪ್‌ಆಂಪ್ ಚಿಪ್ ಒಂದೇ 300ರ ಆಸುಪಾಸು.

20-30 ರೂಪಾಯಿಗೆ ಎನ್‌ಇ5532 ಸಿಗುವಾಗ ಅಷ್ಟು ಕೊಡಬೇಕೇ? ಈ ಸರ್ಕ್ಯೂಟಿಗೆ ಕೊಡಲೇಬೇಕು. ಅಗ್ಗದ ಚಿಪ್‌ನ ಇನ್‌ಪುಟ್ ಸಾಮಾನ್ಯವಾಗಿ 200 ನ್ಯಾನೊಆಂಪಿಯರ್ ಬಯಾಸ್ ಕರೆಂಟ್ ಎಳೆಯುತ್ತದೆ. ಇನ್‌ಪುಟ್‌ನಲ್ಲಿರುವ 1 ಲಕ್ಷ ಓಮ್‌ನ ಮೇಲೆ ಅದು 20 ಮಿಲಿವೋಲ್ಟ್. ಗೇನ್ (ವರ್ಧನೆ) 11 ಪಟ್ಟು ಇರುವುದರಿಂದ ಔಟ್‌ಪುಟ್‌ನಲ್ಲಿ 220. ಹಾಡು ನಿಂತಿದ್ದರೂ 32 ಓಮ್ ಹೆಡ್‌ಫೋನಿನಲ್ಲಿ ಸುಮಾರು 7 ಮಿಲಿಆಂಪಿಯರ್ ಡಿಸಿ ಹರಿಯುತ್ತಲೇ ಇರುತ್ತದೆ, ಡಯಾಫ್ರಂ ಒಂದು ಪಕ್ಕಕ್ಕೆ ಜಗ್ಗಿಕೊಂಡೇ ಕೆಲಸ ಮಾಡುತ್ತದೆ. ಒಪಿಎ2134ರ ಬಯಾಸ್ ಕರೆಂಟ್ 5 ಪಿಕೊಆಂಪಿಯರ್, ಅಂದರೆ 40 ಸಾವಿರ ಪಟ್ಟು ಕಡಿಮೆ. ಹೆಸರು ಉಜ್ಜಿ ಮರುಮುದ್ರಿಸಿದ ನಕಲಿ ಚಿಪ್ ಪತ್ತೆಗೂ ಇದೇ ಲೆಕ್ಕ ನೆರವಾಗುತ್ತದೆ: ಹೆಡ್‌ಫೋನ್ ಹಾಕುವ ಮೊದಲು ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಅಸಲಿಯಾದರೆ ಐದಾರು ಮಿಲಿವೋಲ್ಟ್, ಹೆಚ್ಚೆಂದರೆ ಇಪ್ಪತ್ತರ ಸುತ್ತ. ನೂರು ದಾಟಿದರೆ ಅನುಮಾನಿಸಿ.

ಮೂಲ ವಿನ್ಯಾಸದ ಗೇನ್ ಇಂದಿನ ಫೋನುಗಳಿಗೆ ಅತಿಯಾಯಿತು. 9 ವೋಲ್ಟ್ ಬ್ಯಾಟರಿಯಲ್ಲಿ ಔಟ್‌ಪುಟ್ ಆಚೀಚೆ 3 ವೋಲ್ಟ್ ಏರಿಳಿಯಬಲ್ಲದು. 11 ಪಟ್ಟು ಎಂದರೆ ಇನ್‌ಪುಟ್ 0.27 ವೋಲ್ಟ್ ಮುಟ್ಟುತ್ತಲೇ ಸದ್ದು ಒಡೆಯುತ್ತದೆ. ಗೇನ್ ನಿಗದಿಪಡಿಸುವ ಎರಡು 1 ಕಿಲೊಓಮ್ ರೆಸಿಸ್ಟರ್‌ಗಳ ಜಾಗದಲ್ಲಿ 4.7 ಕಿಲೊಓಮ್‌ನವು ಹಾಕಿದರೆ ಗೇನ್ 3ರ ಹತ್ತಿರಕ್ಕೆ ಇಳಿಯುತ್ತದೆ. ಖರ್ಚು ನಾಲ್ಕು ರೂಪಾಯಿ.

ಮಾಡಿದ ಮೇಲೆ ಬರುವ ಖರ್ಚು ಬ್ಯಾಟರಿಯದು. ಚಿಪ್‌ಗೆ 8, ವೋಲ್ಟೇಜನ್ನು ಎರಡಾಗಿ ಒಡೆಯುವ ರೆಸಿಸ್ಟರ್ ಜೋಡಿಗೆ 1, ಎಲ್‌ಇಡಿಗೆ 0.7: ಸುಮ್ಮನಿದ್ದರೂ ಹತ್ತಿರ ಹತ್ತಿರ 10 ಮಿಲಿಆಂಪಿಯರ್. ಸುಮಾರು 500 ಎಂಎಎಚ್‌ನ ಆಲ್ಕಲೈನ್ 50 ಗಂಟೆ, ಹಾಡು ಕೇಳುತ್ತಿದ್ದರೆ 40 ಎನ್ನಿ. 250 ರೂಪಾಯಿ ಬ್ಯಾಟರಿಯಾದರೆ ಗಂಟೆಗೆ ಆರು ರೂಪಾಯಿ ಚಿಲ್ಲರೆ, ಎರಡು ಬ್ಯಾಟರಿಗೆ ಇಡೀ ಆಂಪ್ಲಿಫೈಯರ್‌ನ ದುಡ್ಡು. ದಿನವೂ ಕೇಳುವವರು 200 ಎಂಎಎಚ್‌ನ ರೀಚಾರ್ಜ್ ಬ್ಯಾಟರಿ ಕೊಳ್ಳುವುದೇ ಲೇಸು.

ಹೊಸ ಅಲ್ಯೂಮಿನಿಯಂ ಡಬ್ಬಕ್ಕೆ ಇನ್ನೊಂದು 500 ಸುರಿಯುವುದಕ್ಕಿಂತ ಕಂಪಾಸ್ ಬಾಕ್ಸ್ ವಾಸಿ. ಆದರೆ ದುಡ್ಡು ಉಳಿದಲ್ಲಿ ಕೈಕೆಲಸ ಹೆಚ್ಚು. ತೆಳು ತಗಡು ಡ್ರಿಲ್ಲಿಗೆ ಹರಿಯುತ್ತದೆ. ಅಡಿಗೆ ಮರದ ತುಂಡಿಟ್ಟು 2 ಮಿ.ಮೀ. ತೂತಿನಿಂದ ಶುರು ಮಾಡಿ ಜ್ಯಾಕ್‌ಗೆ 6ರವರೆಗೆ ಹಿಗ್ಗಿಸಬೇಕು. ಒಳಗಿನ ಬಣ್ಣ ಕೆರೆದು ತಗಡನ್ನು ಗ್ರೌಂಡಿಗೆ ಸೇರಿಸಿದರೆ ಗುಂಯ್ ಸದ್ದು ತಗ್ಗುತ್ತದೆ. ಆದರೆ ಇಲ್ಲಿ ಗ್ರೌಂಡ್ ಎಂದರೆ ಬ್ಯಾಟರಿಯ ನಡುಬಿಂದು. ಅದರ ಎರಡೂ ತುದಿಗೆ ತಗಡಿನಿಂದ 4.5 ವೋಲ್ಟ್ ಅಂತರ ಇರುವುದರಿಂದ ಪ್ಲಸ್ಸೂ ಮೈನಸ್ಸೂ ಬಾಕ್ಸ್‌ಗೆ ತಾಗದಂತೆ ಟೇಪು ಸುತ್ತಿ.