ಉಂಗುರದೊಳಗೆ ಅಡಗಿದ ಕಹಿ

ಕಳೆದ ಶ್ರಾವಣದಲ್ಲಿ ಚಿಟಗುಪ್ಪ ಸಮೀಪದ ಹಿರಿಯ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಮಧುಮೇಹವುಳ್ಳವರು. ಹೈದರಾಬಾದಿನಲ್ಲಿರುವ ಮಗ ತಂದುಕೊಟ್ಟಿದ್ದ ಹಳದಿ ಪುಡಿಯ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು, "ಮರದರಿಶಿನದ ಸತ್ವ ಅಂತಾರ‍್ರೀ ಡಾಕ್ಟರ್ ಸಾಹೇಬ್ರ. ನಾಲಿಗಿಗೆ ಕಹೀನೇ ಹತ್ತವಲ್ದು. ಮೋಸ ಇದ್ದಂಗ ಅದ" ಎಂದರು. ಚಿಟಿಕೆಯಷ್ಟು ನಾನೂ ರುಚಿ ನೋಡಿದೆ. ಮರದರಿಶಿನದ ಕಷಾಯ ಕುಡಿದವರಿಗೆ ಅದರ ಕಹಿ ಗೊತ್ತು. ಇಲ್ಲಿ ಅದರ ನೆರಳಷ್ಟೇ ಇತ್ತು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬರ್ಬೆರಿನ್ ಮತ್ತು ಬೀಟಾ ಸೈಕ್ಲೋಡೆಕ್ಸ್ಟ್ರಿನ್ ಎಂಬ ಎರಡು ಹೆಸರುಗಳಿದ್ದವು. ಮೋಸವೇನೂ ಆಗಿರಲಿಲ್ಲ. ಕಹಿ ಒಂದು ಉಂಗುರದೊಳಗೆ ಅಡಗಿ ಕುಳಿತಿತ್ತು.

ಬರ್ಬೆರಿನ್ ಒಂದು ಆಲ್ಕಲಾಯ್ಡ್, ಅಂದರೆ ಸಸ್ಯಕ್ಷಾರ. ಹಿಮಾಲಯದ ದಾರುಹರಿದ್ರೆಯಲ್ಲಿಯೂ ನಮ್ಮ ಪಶ್ಚಿಮ ಘಟ್ಟಗಳ ಮರದರಿಶಿನದ ಬಳ್ಳಿಯಲ್ಲಿಯೂ ಹಳದಿ ಬಣ್ಣಕ್ಕೂ ಕಹಿಗೂ ಇದೇ ಮುಖ್ಯ ಕಾರಣ. (ಅತಿಯಾದ ಕೊಯ್ಲಿನಿಂದ ಘಟ್ಟದ ಆ ಬಳ್ಳಿ ಈಗ ವಿರಳವಾಗಿದೆ ಎಂಬುದು ನನ್ನಂತಹ ವೈದ್ಯರಿಗೆ ನೋವಿನ ಸಂಗತಿ.) ಅಮೃತಬಳ್ಳಿಯಲ್ಲಿರುವ ಪಾಲ್ಮಟಿನ್ ಇದರ ಹತ್ತಿರದ ಸಂಬಂಧಿ.

ಇನ್ನು ಉಂಗುರದ ವಿಷಯ. ಜೋಳ, ಆಲೂಗಡ್ಡೆಗಳಲ್ಲಿರುವ ಪಿಷ್ಟವು ಗ್ಲೂಕೋಸ್ ಅಣುಗಳ ಉದ್ದನೆಯ ಸರ. ಕೆಲವು ಸೂಕ್ಷ್ಮಜೀವಿಗಳ ಕಿಣ್ವ ಆ ಸರವನ್ನು ಕತ್ತರಿಸಿ, ತುಂಡಿನ ಎರಡು ತುದಿಗಳನ್ನು ಜೋಡಿಸಿ ಬಳೆಯಾಗಿಸುತ್ತದೆ. 1891ರಲ್ಲಿ ಫ್ರಾನ್ಸಿನ ವಿಲಿಯೆ ಇದನ್ನು ಮೊದಲು ಗುರುತಿಸಿದರು. ಆರು ಗ್ಲೂಕೋಸಿನದು ಆಲ್ಫಾ, ಏಳರದು ಬೀಟಾ, ಎಂಟರದು ಗಾಮಾ. ನಮ್ಮ ತಾಯಂದಿರು ಕೊಡದ ಕೆಳಗೆ ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಸಿಂಬಿಯನ್ನು ನೆನೆಯಿರಿ. ಅದನ್ನು ಸ್ವಲ್ಪ ಎತ್ತರಿಸಿ, ಒಂದು ಬಾಯಿಯನ್ನು ಕಿರಿದಾಗಿಸಿದರೆ ಈ ಅಣುವಿನ ಆಕಾರ. ಹೊರಮೈ ನೀರನ್ನು ಪ್ರೀತಿಸುತ್ತದೆ, ಒಳಮೈ ಅಷ್ಟಾಗಿ ಪ್ರೀತಿಸುವುದಿಲ್ಲ.

ಬರ್ಬೆರಿನ್ ಈ ಸಿಂಬಿಯೊಳಗೆ ಏಕೆ ಹೋಗುತ್ತದೆ? ಯಾರೂ ತಳ್ಳುವುದಿಲ್ಲ. ಉಷ್ಣಗತಿವಿಜ್ಞಾನ ಇದಕ್ಕೆ ಎರಡು ಲೆಕ್ಕಗಳನ್ನು ಇಡುತ್ತದೆ. ಒಂದು, ಅಣುಗಳು ಒಂದನ್ನೊಂದು ಆತುಕೊಂಡಾಗ ಹೊರಬರುವ ಉಷ್ಣ. ಇನ್ನೊಂದು, ಅಣುಗಳ ಓಡಾಟದ ಸ್ವಾತಂತ್ರ್ಯ. ಇದರ ಅಳತೆಗೆ ಎಂಟ್ರೊಪಿ ಎಂದು ಹೆಸರು. ಅತಿಥಿ ಬರುವ ಮೊದಲು ಉಂಗುರದೊಳಗೆ ಕೆಲವು ನೀರಿನ ಅಣುಗಳು ಇಕ್ಕಟ್ಟಿನಲ್ಲಿರುತ್ತವೆ. ಹೊರಗಿನ ನೀರಿನಂತೆ ಅವು ನಾಲ್ಕೂ ಕಡೆ ಕೈ ಹಿಡಿಯಲಾರವು. ಅತಿಥಿ ಒಳಗೆ ಬಂದಾಗ ಅವು ಹೊರಬಂದು ತಮ್ಮ ಬಳಗ ಸೇರುತ್ತವೆ. ಅದು ಲಾಭ. ಆದರೆ ಒಳಹೊಕ್ಕ ಅತಿಥಿ ತನ್ನ ಸ್ವಾತಂತ್ರ್ಯ ಕಳೆದುಕೊಳ್ಳುತ್ತದೆ. ಬಿಗಿಯಾಗಿ ಕುಳಿತಷ್ಟೂ ಉಷ್ಣದ ಲಾಭ ಹೆಚ್ಚು, ಸ್ವಾತಂತ್ರ್ಯದ ನಷ್ಟವೂ ಹೆಚ್ಚು. ಕೊನೆಗೆ ಉಳಿಯುವ ನಿವ್ವಳ ಲಾಭಕ್ಕೆ ತಕ್ಕಷ್ಟೇ ಹಿಡಿತ.

ಆ ಹಿಡಿತವನ್ನು ಅಂಕಿಯಲ್ಲಿ ಹೇಳುವುದುಂಟು. ಸೈಕ್ಲೋಡೆಕ್ಸ್ಟ್ರಿನ್‌ಗಳ ಬಂಧನಾಂಕ ಬಹುಮಟ್ಟಿಗೆ ನೂರರಿಂದ ಹತ್ತು ಸಾವಿರದೊಳಗೆ ಇರುತ್ತದೆ. ಒಂದು ಸಾವಿರವೆಂದರೆ, 25 ಡಿಗ್ರಿ ಉಷ್ಣತೆಯಲ್ಲಿ ನಿವ್ವಳ ಲಾಭ ಒಂದು ಮೋಲ್‌ಗೆ ಸುಮಾರು 17 ಕಿಲೋಜೂಲ್. ಇಂತಹ ದ್ರಾವಣದಲ್ಲಿ ಉಂಗುರವೂ ಅತಿಥಿಯೂ ಲೀಟರಿಗೆ ಮೋಲಿನ ನೂರನೆಯ ಒಂದು ಭಾಗದಂತೆ ಇದ್ದರೆ, ನೂರು ಅತಿಥಿಗಳಲ್ಲಿ ಸುಮಾರು 73 ಉಂಗುರದೊಳಗಿರುತ್ತವೆ. ನಾಲಿಗೆಯ ಕಹಿ ಗ್ರಾಹಕಗಳಿಗೆ ಸಿಗುವುದು ಉಳಿದ 27 ಮಾತ್ರ. ಅದನ್ನೇ ಸಾವಿರ ಪಟ್ಟು ತೆಳುವಾಗಿಸಿದರೆ ಒಳಗುಳಿಯುವುದು ನೂರಕ್ಕೆ ಒಂದು! ಅಂದರೆ ಜಠರ, ಕರುಳುಗಳ ರಸದಲ್ಲಿ ಬೆರೆಯುತ್ತ ಹೋದಂತೆ ಉಂಗುರ ತಾನಾಗಿ ಬಿಟ್ಟುಕೊಡುತ್ತದೆ. ನಾಲಿಗೆಗೆ ಕಾಣದ ಔಷಧ ದೇಹಕ್ಕೆ ಪೂರ್ಣವಾಗಿಯೇ ಸಿಗುತ್ತದೆ.

ಹಿಡಿತ ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಬಂಧನಾಂಕ ಒಂದು ಕೋಟಿಯಾದರೆ ಅದೇ ತೆಳು ದ್ರಾವಣದಲ್ಲಿಯೂ ನೂರಕ್ಕೆ 90 ಬಂಧಿಗಳಾಗಿಯೇ ಉಳಿಯುತ್ತವೆ. ಔಷಧ ಕೊಡಲು ಇದು ನಿರುಪಯುಕ್ತ, ಔಷಧವನ್ನು ಹಿಂತೆಗೆಯಲು ಮಾತ್ರ ಅಮೂಲ್ಯ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ರೊಕ್ಯುರೋನಿಯಮ್ ಅನ್ನು ರಕ್ತದಲ್ಲಿಯೇ ಸೆರೆಹಿಡಿಯುವ ಸುಗಾಮಡೆಕ್ಸ್ ಇಂತಹುದು. ಗಾಮಾ ಉಂಗುರಕ್ಕೆ ಎಂಟು ಬಾಲಗಳನ್ನು ಜೋಡಿಸಿ ಅದನ್ನು ರೂಪಿಸಿದ್ದಾರೆ. ಯುರೋಪಿನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು. ದಕ್ಷಿಣ ಅಮೆರಿಕದ ಬಾಣದ ವಿಷವಾದ ಕುರಾರೆಯ ಸಸ್ಯಕ್ಷಾರವೂ ಸ್ನಾಯುಗಳನ್ನು ಸಡಿಲಿಸುತ್ತದೆ. ಆದರೆ ಅದರ ಆಕಾರ ಬೇರೆ, ಈ ಉಂಗುರ ಅದನ್ನು ಹಾಗೆ ಹಿಡಿಯಲಾರದು. ಕುಂಬಳಕಾಯಿಯನ್ನು ಹೋಲುವುದರಿಂದ ಅದರ ಕುಲದ ಹೆಸರನ್ನೇ ಪಡೆದ ಕುಕುರ್ಬಿಟ್ಯುರಿಲ್ ಎಂಬ ಇನ್ನೊಂದು ಜಾತಿಯ ಉಂಗುರವೂ ಉಂಟು. ಅದರ ಬಾಯಿಯ ಅಂಚಿನ ಆಮ್ಲಜನಕಗಳು ಬರ್ಬೆರಿನ್ನಿನ ಧನ ವಿದ್ಯುದಾವೇಶವನ್ನು ಸೆಳೆಯುತ್ತವೆ. ಏಳು ಘಟಕಗಳ ಕುಂಬಳದೊಳಗೆ ಕುಳಿತ ಬರ್ಬೆರಿನ್, ನೀರಿನಲ್ಲಿ ಮಂಕಾಗಿದ್ದುದು, ನೇರಳಾತೀತ ಬೆಳಕಿನಲ್ಲಿ ಪ್ರಕಾಶಮಾನವಾಗಿ ಹೊಳೆಯುತ್ತದೆ.

ಇದೆಲ್ಲ ನಮ್ಮ ಸಂಹಿತೆಗಳಲ್ಲಿ ಮೊದಲೇ ಇತ್ತೆಂದು ನಾನು ಹೇಳಲಾರೆ. ಜೇನನ್ನು ಯೋಗವಾಹಿ ಎಂದಿದ್ದಾರೆ, ನಿಜ. ಅದು ಬೇರೆ ಮಾತು. ಹಾಗೆಯೇ "ಹತ್ತು ಪಟ್ಟು ಹೀರಿಕೆ" ಎಂಬ ಜಾಹೀರಾತುಗಳನ್ನೂ ನಂಬಲಾರೆ. ಬರ್ಬೆರಿನ್ ರಕ್ತಕ್ಕೆ ಅತ್ಯಲ್ಪವಾಗಿ ಸೇರಲು ಕರುಳಿನ ಗೋಡೆ ಅದನ್ನು ಮರಳಿ ಹೊರಗೆ ತಳ್ಳುವುದೂ ಒಂದು ಕಾರಣ. ಕರಗಲು ನೆರವಾಗುವ ಉಂಗುರ ಆ ಗೋಡೆಯನ್ನು ಬದಲಿಸುವುದಿಲ್ಲ.

ಆ ಹಿರಿಯರ ಕಥೆ ಇಲ್ಲಿಗೆ ಮುಗಿಯಲಿಲ್ಲ. ಕಹಿ ಇಲ್ಲದ್ದರಿಂದ ಶಕ್ತಿಯೂ ಇಲ್ಲವೆಂದು ತಿಳಿದು ಅವರು ಒಂದರ ಬದಲು ಎರಡು ಪೊಟ್ಟಣ ಸೇವಿಸುತ್ತಿದ್ದರು. ಜೊತೆಗೆ ಎಂದಿನ ಗ್ಲೈಮೆಪಿರೈಡ್ ಮಾತ್ರೆ. ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಬೆವರು, ಕೈನಡುಕ. ಬಿಸಿಲಿನದೆಂದು ಸುಮ್ಮನಿದ್ದರು. ಅಲ್ಲಿಯೇ ಪರೀಕ್ಷಿಸಿದಾಗ ರಕ್ತದ ಸಕ್ಕರೆ 62. ಬೆಲ್ಲದ ನೀರು ಕುಡಿಸಿ, ಊಟ ಮಾಡಿಸಿ, ಮತ್ತೆ ಪರೀಕ್ಷಿಸಿಯೇ ಕಳುಹಿಸಿದೆ. ಪುಡಿಯನ್ನು ನಿಲ್ಲಿಸಿ, ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಚೀಟಿ ಬರೆದೆ. ಬರ್ಬೆರಿನ್ ಯಕೃತ್ತಿನ ಕೆಲವು ಕಿಣ್ವಗಳನ್ನೂ ತಡೆಯುತ್ತದೆ. ಮೂತ್ರಪಿಂಡ ಕಸಿಯಾದವರು ಸೇವಿಸುವ ಸೈಕ್ಲೋಸ್ಪೊರಿನ್‌ನ ಪ್ರಮಾಣ ಇದರಿಂದ ರಕ್ತದಲ್ಲಿ ಏರುತ್ತದೆ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಇದು ಸಲ್ಲದು: ರಕ್ತದ ಆಲ್ಬುಮಿನ್ ಕೂಡ ಒಂದು ಆತಿಥೇಯ ಅಣುವೇ, ಅದರಲ್ಲಿ ಕುಳಿತ ಬಿಲಿರುಬಿನ್ ಎಂಬ ಕಾಮಾಲೆಯ ದ್ರವ್ಯವನ್ನು ಬರ್ಬೆರಿನ್ ಎಬ್ಬಿಸಿ ಹೊರಹಾಕಬಲ್ಲದು, ಮತ್ತು ಹೀಗೆ ಬಿಡುಗಡೆಯಾದ ಬಿಲಿರುಬಿನ್ ಶಿಶುವಿನ ಮೆದುಳಿಗೆ ಹಾನಿಕರ. ಇಂತಹ ಪುಡಿ ಮನೆಯಲ್ಲಿದ್ದರೆ, ರುಚಿ ಹೇಗೇ ಇರಲಿ, ಉಳಿದ ಮಾತ್ರೆಗಳೊಡನೆ ಪೊಟ್ಟಣವನ್ನೂ ನಿಮ್ಮ ವೈದ್ಯರ ಬಳಿಗೆ ತಪ್ಪದೆ ಒಯ್ಯಿರಿ.