ಸತ್ಯ ಪರಿಶೀಲನೆ: ದಿನಕ್ಕೊಂದು ವಿಟಮಿನ್ ಎ ಕ್ಯಾಪ್ಸೂಲ್ ನುಂಗಿದರೆ ಚರ್ಮ ಹೊಳೆಯುತ್ತದೆಯೇ?

ಸಾರಾಂಶ

ವಿಟಮಿನ್ ಎ ಕ್ಯಾಪ್ಸೂಲ್ ದಿನವೂ ನುಂಗಿದರೆ ಹೊಸ ಚರ್ಮ ಬಂದು ಮುಖ ಹೊಳೆಯುತ್ತದೆ ಎನ್ನುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ನಾವು ಪರಿಶೀಲಿಸಿದಾಗ ಈ ಹೇಳಿಕೆ ಬಹುಪಾಲು ತಪ್ಪು ಎಂದು ತಿಳಿದುಬಂತು. ಚರ್ಮಕ್ಕೆ ವಿಟಮಿನ್ ಎ ಬೇಕು, ನಿಜ. ಆದರೆ ಅತಿಯಾದರೆ ಅದೇ ಚರ್ಮ ಕೆಡುತ್ತದೆ.

ಚರ್ಮದಲ್ಲಿ ವಿಟಮಿನ್ ಎ ಏನು ಮಾಡುತ್ತದೆ?

ಚರ್ಮದ ಹೊರಪದರದ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೇಲಕ್ಕೆ ಸರಿಯುತ್ತಾ, ಚಪ್ಪಟೆಯಾಗಿ, ಗಟ್ಟಿಯಾಗಿ, ಕೊನೆಗೆ ಉದುರಿಹೋಗುತ್ತವೆ. ದೇಹವು ವಿಟಮಿನ್ ಎಯಿಂದ ತಯಾರಿಸುವ ರೆಟಿನಾಯಿಕ್ ಆಮ್ಲ ಈ ಜೀವಕೋಶಗಳ ಒಳಗೆ ಹೋಗಿ, ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುತ್ತದೆ.

ಕಡಿಮೆಯಾದರೆ ಚರ್ಮ ಒಣಗಿ, ಮೊಣಕೈ, ಮೊಣಕಾಲು, ತೊಡೆಯ ಮೇಲೆ ಒರಟು ಗುಳ್ಳೆಗಳು ಏಳಬಹುದು. ಇರುಳುಗುರುಡೂ ಬರಬಹುದು. ಇಂಥ ಕೊರತೆ ಇದ್ದವರಿಗೆ ವೈದ್ಯರು ಕೊಡುವ ವಿಟಮಿನ್ ಎ ಉಪಯುಕ್ತ. ಕೊರತೆ ಇಲ್ಲದವರು ಹೆಚ್ಚು ನುಂಗಿದರೆ ಹೊಳಪೇನೂ ಹೆಚ್ಚುವುದಿಲ್ಲ.

ಅತಿಯಾದರೆ ಏನಾಗುತ್ತದೆ?

ತುಟಿ ಒಡೆಯುತ್ತದೆ, ಚರ್ಮ ಒಣಗಿ ಸುಲಿಯುತ್ತದೆ, ಕೂದಲು ಉದುರುತ್ತದೆ. ತಲೆನೋವು, ವಾಕರಿಕೆ ಬರಬಹುದು, ಯಕೃತ್ತಿಗೂ ಹಾನಿಯಾಗಬಹುದು. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೊರಹೋಗುತ್ತದೆ. ವಿಟಮಿನ್ ಎ ಹಾಗಲ್ಲ, ಯಕೃತ್ತಿನಲ್ಲಿ ಶೇಖರವಾಗುತ್ತಾ ಹೋಗುತ್ತದೆ.

1597ರಲ್ಲಿ ಆರ್ಕ್ಟಿಕ್‌ನಲ್ಲಿ ಸಿಲುಕಿದ್ದ ಡಚ್ ನಾವಿಕರು ಹಿಮಕರಡಿಯ ಯಕೃತ್ತನ್ನು ತಿಂದು ಕಾಯಿಲೆ ಬಿದ್ದರು. ಅವರಲ್ಲಿ ಮೂವರಿಗೆ ತಲೆಯಿಂದ ಕಾಲಿನವರೆಗೆ ಚರ್ಮ ಸುಲಿಯಿತು. ಆ ಯಕೃತ್ತಿನಲ್ಲಿ ವಿಟಮಿನ್ ಎ ವಿಪರೀತ ಇರುತ್ತದೆ ಎಂಬುದು ಗೊತ್ತಾಗಿದ್ದು 20ನೇ ಶತಮಾನದಲ್ಲಿ.

ದಿನಕ್ಕೆ ಎಷ್ಟು ಸಾಕು?

ಭಾರತದ 2020ರ ಶಿಫಾರಸಿನ ಪ್ರಕಾರ ವಯಸ್ಕ ಪುರುಷರಿಗೆ ದಿನಕ್ಕೆ 1000 ಮೈಕ್ರೋಗ್ರಾಂ, ಮಹಿಳೆಯರಿಗೆ 840 ಮೈಕ್ರೋಗ್ರಾಂ. ಗರಿಷ್ಠ ಮಿತಿ 3000 ಮೈಕ್ರೋಗ್ರಾಂ. ಔಷಧಿ ಅಂಗಡಿಯ 25,000 ಐಯು ಕ್ಯಾಪ್ಸೂಲ್ ಒಂದರಲ್ಲೇ 7500 ಮೈಕ್ರೋಗ್ರಾಂ ಇರುತ್ತದೆ, ಅಂದರೆ ಮಿತಿಯ ಎರಡೂವರೆ ಪಟ್ಟು.

ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಅತಿಯಾದ ವಿಟಮಿನ್ ಎಯಿಂದ ಮಗುವಿಗೆ ಹುಟ್ಟಿನಿಂದಲೇ ಅಂಗವೈಕಲ್ಯ ಬರಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯೂ ಇದೇ ಗುಂಪಿನದು, ಗರ್ಭಿಣಿಯರಿಗೆ ಅದು ನಿಷಿದ್ಧ.

ಹಾಗಾದರೆ ಮಕ್ಕಳಿಗೆ ಹಾಕುವ ವಿಟಮಿನ್ ಎ ದ್ರಾವಣ?

ಅದನ್ನು ತಪ್ಪಿಸಬೇಡಿ. 9 ತಿಂಗಳಿಗೆ 1 ಲಕ್ಷ ಐಯು, ನಂತರ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಐಯು ಕೊಡುತ್ತಾರೆ. ದೇಹ ಅದನ್ನು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬಳಸುತ್ತದೆ. ಆರೋಗ್ಯ ಕಾರ್ಯಕರ್ತೆಯರು ಅಳೆದು ಹಾಕುವ ಈ ಡೋಸ್‌ಗೂ ದಿನವೂ ನಾವೇ ನುಂಗುವ ಕ್ಯಾಪ್ಸೂಲಿಗೂ ಹೋಲಿಕೆಯಿಲ್ಲ.

ಕ್ಯಾರೆಟ್, ಪಪ್ಪಾಯಿ ತಿನ್ನಬಹುದೇ?

ಖಂಡಿತ. ಇವುಗಳಲ್ಲೂ ನುಗ್ಗೆಸೊಪ್ಪಿನಲ್ಲೂ ಇರುವುದು ಬೀಟಾ ಕ್ಯಾರೋಟಿನ್. ದೇಹ ತನಗೆ ಬೇಕಾದಷ್ಟನ್ನು ಮಾತ್ರ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಅತಿಯಾಗಿ ತಿಂದರೆ ಅಂಗೈ ಹಳದಿಯಾಗಬಹುದು, ಆದರೆ ಅದು ಅಪಾಯಕಾರಿಯಲ್ಲ. ತಿನ್ನುವುದು ಕಡಿಮೆ ಮಾಡಿದರೆ ಸರಿಹೋಗುತ್ತದೆ.

ತೀರ್ಮಾನ

ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಮನೆಯಲ್ಲಿ ಯಾರಾದರೂ ಈಗಾಗಲೇ ಇಂಥ ಕ್ಯಾಪ್ಸೂಲ್ ದಿನವೂ ತೆಗೆದುಕೊಳ್ಳುತ್ತಿದ್ದರೆ, ಅದರ ಪಟ್ಟಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ.